ದರಕಿನಡಿಯ ಕೋಡು

ಆಗೆಲ್ಲ ನಮ್ಮ ಕೊಪ್ಪದಲ್ಲಿ ಬೇಟೆ ಶುರು ಮಾಡುತ್ತಿದ್ದವರು ಗಂಡಸರು, ಮುಗಿಸುತ್ತಿದ್ದವರು ಹೆಂಗಸರು. ಹೀಗೆಂದರೆ ಈಗಿನ ಮಕ್ಕಳು ನಾನು ಕತೆ ಕಟ್ಟುತ್ತಿದ್ದೇನೆ ಎಂದುಕೊಳ್ಳುತ್ತಾರೆ. ಅಗಸೂರಿನಲ್ಲಿ ಬಸ್ಸಿಳಿದು, ಗದ್ದೆಬಯಲು ಹಾದು, ಹಳ್ಳದ ಮೇಲೆ ಹಾಕಿದ್ದ ತೆಂಗಿನ ಮರದ ಸಂಕ ದಾಟಿದರೆ ಗುಡ್ಡದ ಬುಡಕ್ಕೆ ಒತ್ತಿಕೊಂಡು ನಮ್ಮ ಹತ್ತಾರು ಮನೆಗಳಿದ್ದವು. ಅದನ್ನೇ ಕೊಪ್ಪ ಎನ್ನುತ್ತಿದ್ದೆವು. ಹಿಂದೆ ಕಾಡು, ಮುಂದೆ ಗದ್ದೆ. ಸಮುದ್ರ ನೋಡಬೇಕೆಂದರೆ ಅಂಕೋಲೆಗೆ ಹೋಗಬೇಕಿತ್ತು, ಆದರೆ ಮೀನು ಮಾತ್ರ ತಾನಾಗಿ ಬುಟ್ಟಿಯಲ್ಲಿ ಕೂತು ನಮ್ಮ ಬಾಗಿಲಿಗೆ ಬರುತ್ತಿತ್ತು.

ದೀಪಾವಳಿ ಕಳೆದು ಭತ್ತದ ಕೊಯ್ಲು ಮುಗಿದ ಮೇಲೆ ಊರಗೌಡರು ಊರು ಕಾಯುವ ದೈವ ಜಟಗನ ಕಟ್ಟೆಯಲ್ಲಿ ಕಾಯಿ ಒಡೆಯುತ್ತಿದ್ದರು. ಅಲ್ಲಿಗೆ ಬೇಟೆ ಶುರು. ಮುಗಿಯುವುದಕ್ಕೆ ಮಾತ್ರ ತಿಥಿ ಇಲ್ಲ, ವಾರ ಇಲ್ಲ. ಬಿಸಿಲು ಏರುವ ಹೊತ್ತಿಗೆ ಕಾಡಿನ ಗಂಡು ಕಡವೆಗಳು ತಮ್ಮ ಕೋಡು ಉದುರಿಸುತ್ತವೆ, ಮಳೆಗಾಲದಲ್ಲಿ ಹೊಸದು ಬರುತ್ತದೆ. ಆ ವರ್ಷ ಉದುರಿದ ಮೊದಲ ಕೋಡು ಯಾರ ಕಣ್ಣಿಗೆ ಬೀಳುತ್ತದೋ ಅವರು ಅದನ್ನು ತಂದು ಜಟಗನ ಮುಂದೆ ಇಡಬೇಕು. ಇಟ್ಟ ಗಳಿಗೆಗೆ ಬೇಟೆ ಮುಗಿಯಿತು. ಕೊಪ್ಪದ ಕೇಪಿನ ಕೋವಿಗಳೆಲ್ಲ ಕಟ್ಟೆಗೆ ಬರುತ್ತಿದ್ದವು. ಊರಗೌಡರು ಒಂದೊಂದರ ಬಾಯಿಗೂ ತೆಂಗಿನ ನಾರು ತುರುಕುತ್ತಿದ್ದರು. ಮುಂದಿನ ದೀಪಾವಳಿಯವರೆಗೆ ಆ ನಾರು ತೆಗೆಯುವ ಹಾಗಿಲ್ಲ.

ಕಾಡಿನಲ್ಲಿ ನೆಲ ನೋಡಿಕೊಂಡು ಓಡಾಡುವವರು ಹೆಂಗಸರು. ಕೊಟ್ಟಿಗೆಗೆ ಹಾಸಲು ಒಣಗಿದ ಎಲೆ, ಅಂದರೆ ದರಕು, ಗುಡಿಸಿ ತರುವುದು ಅವರ ಕೆಲಸ. ಹಾಗಾಗಿ ಕೋಡು ಸಿಗುತ್ತಿದ್ದದ್ದೂ ಹೆಚ್ಚಾಗಿ ಅವರಿಗೇ. ಸಿಕ್ಕವಳು ಅಲ್ಲೇ ನಿಂತು "ಬಿತ್ತೂ" ಎಂದು ಕೂಗುತ್ತಿದ್ದಳು. ಪಕ್ಕದ ದಿಬ್ಬದವಳು "ಬಿತ್ತಾ?" ಎಂದು ಕೇಳುತ್ತಿದ್ದಳು. ಹೀಗೆ ದಿಬ್ಬದಿಂದ ದಿಬ್ಬಕ್ಕೆ ಸುದ್ದಿ ಇಳಿದು ಕೊಪ್ಪಕ್ಕೆ ಮುಟ್ಟುವಾಗ ಗಂಡಸರ ಮುಖ ಸಪ್ಪಗಾಗುತ್ತಿತ್ತು. ನಮ್ಮ ಆಯಿಗೆ, ಅಂದರೆ ಅಮ್ಮನಿಗೆ, ಒಳಗೊಳಗೇ ಖುಷಿ. ವರ್ಷವಿಡೀ ಗಂಡಸರ ಮಾತು ಕೇಳುವ ಹೆಂಗಸರಿಗೆ ಅದೊಂದು ದಿನ ಮೇಲುಗೈ.

ಇದು ಯಾಕೆ ಹೀಗೆ ಎಂದು ನಾನು ಅಜ್ಜಿಯನ್ನು ಕೇಳಿದ್ದೆ. ಅಪ್ಪನ ತಾಯಿ ಅವಳು. ತೆಳ್ಳಗೆ, ಕಪ್ಪಗೆ, ಮಾತು ಕಮ್ಮಿ.

"ಕೋಡ್ ಬಿದ್ದ ಮೇಲೆ ಗಂಡೂ ಹೆಣ್ಣೂ ಒಂದೇ ತೋರ್ತದೆ. ಆಗ ಹೆಣ್ಣಿನ ಹೊಟ್ಟೇಲಿ ಮರಿ ಇರ್ತದೆ. ಯಾವ್ದು ಹೇಳಿ ಕಾಣದೆ ಗುಂಡು ಹೊಡೂದಾ?" ಎಂದಿದ್ದಳು.

ಬೇಟೆ ಕೂಡದು ಎಂಬ ಸರಕಾರದ ಕಾಯ್ದೆ ಆಗಲೇ ಇತ್ತಂತೆ. ಅದು ಅಂಕೋಲೆಯವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಮುಂದೆ ನಡೆಯಲಾರದೆ ಕೂತಿರಬೇಕು. ನಮಗೆ ಗೊತ್ತಿದ್ದದ್ದು ಕೋಡಿನ ಕಾಯ್ದೆ ಒಂದೇ. ಇನ್ನೊಂದು ಸಣ್ಣ ನಿಯಮವೂ ಇತ್ತು. ಕೋಡು ಕವಲೊಡೆಯದ ಎಳೆಗಂಡನ್ನು ಬಿಡಬೇಕು, ಹೆಣ್ಣನ್ನಂತೂ ಮುಟ್ಟಲೇಬಾರದು. ಈ ಎರಡನ್ನೂ ಮೀರಿದವನ ಮನೆಗೆ ಊರಗೌಡರು ಆ ವರ್ಷ ಊಟಕ್ಕೆ ಹೋಗುತ್ತಿರಲಿಲ್ಲ, ಅಷ್ಟೇ ಶಿಕ್ಷೆ. ಅದು ಸಾಕಾಗುತ್ತಿತ್ತು.

ಕಟ್ಟೆಯ ಹಿಂದಿನ ಹಲಸಿನ ಮರಕ್ಕೆ ವರ್ಷವರ್ಷದ ಕೋಡುಗಳನ್ನು ಒರಗಿಸಿಡುತ್ತಿದ್ದರು. ನಾವು ಮಕ್ಕಳು ಗೇರುಬೀಜದ ಆಟ ಆಡುತ್ತಿದ್ದದ್ದು ಅಲ್ಲೇ. ಬೀಜಗಳನ್ನು ಸಾಲಾಗಿ ನಿಲ್ಲಿಸಿ ದೊಡ್ಡದೊಂದು ಬೀಜದಿಂದ ಹೊಡೆದು ಉರುಳಿಸುವ ಆಟ. ಸೋತವರು ಕಣ್ಣು ಮುಚ್ಚಿ ಕೋಡುಗಳನ್ನು ಮುಟ್ಟಿ, ಯಾವುದು ಯಾವ ವರ್ಷದ್ದೆಂದು ಹೇಳಬೇಕಿತ್ತು. ಅದು ಸುಲಭವಿರಲಿಲ್ಲ. ಎಲ್ಲವೂ ನಮ್ಮ ತೋಳಿಗಿಂತ ದಪ್ಪ, ಒರಟು, ನಮ್ಮ ಎದೆಯೆತ್ತರ. ಅವುಗಳಲ್ಲಿ ದೊಡ್ಡವೆಲ್ಲ ಒಂದೇ ಗಂಡಿನವು ಎಂದು ದೊಡ್ಡವರು ಹೇಳುತ್ತಿದ್ದರು. ಅದಕ್ಕೆ ದೊಡ್ಡಾಂವ ಎಂದೇ ಹೆಸರು. ದೊಡ್ಡಾಂವನನ್ನು ಹೊಡೆಯಬಾರದೆಂಬ ನಿಯಮವಿರಲಿಲ್ಲ. ಅಂವ ಸಿಗುತ್ತಿರಲಿಲ್ಲ, ಅಷ್ಟೆ.

ನಾನು ಹೇಳಹೊರಟ ವರ್ಷ ಮೊದಲಿನಿಂದಲೇ ಸರಿಯಿರಲಿಲ್ಲ. ಮಂಜು ಬಿದ್ದು ಮಾವಿನ ಹೂವೆಲ್ಲ ಕರಟಿ ಹೋಗಿತ್ತು. ಗೇರುಹೂವಿನ ವಾಸನೆ ಮಾತ್ರ ಊರೆಲ್ಲ ಗಪ್ಪೆಂದು ಹಿಡಿದು ತಲೆನೋವು ಬರಿಸುತ್ತಿತ್ತು. ಸುಗ್ಗಿಯ ಕುಣಿತ ಮುಗಿದು, ತಲೆಯ ತುರಾಯಿ ಬಿಚ್ಚಿ ಇಟ್ಟಾದರೂ ಯಾರಿಗೂ ಕೋಡು ಸಿಕ್ಕಿರಲಿಲ್ಲ. ಅದೇ ಹೊತ್ತಿಗೆ ಕಾರವಾರದ ಕಂತ್ರಾಟುದಾರನೊಬ್ಬ ಗುಡ್ಡ ಕಡಿದು ರಸ್ತೆ ಮಾಡಿಸಲು ಬಂದಿದ್ದ. ಬಿಳಿ ಅಂಗಿ, ಜೀಪು, ಬಾಯಿತುಂಬ ಎಲೆಯಡಿಕೆ. ಅವನು ನಮ್ಮ ಗಣಪುಕಾಕನ ಭುಜದ ಮೇಲೆ ಕೈಹಾಕಿ ಮಾತಾಡುವುದನ್ನು ನಾನು ಎರಡು ಮೂರು ಸಲ ನೋಡಿದೆ. ಗಣಪುಕಾಕ ಅಪ್ಪನ ತಮ್ಮ, ಕೊಪ್ಪದಲ್ಲಿ ಅವನ ಗುರಿಗೆ ಸಮ ಇರಲಿಲ್ಲ.

ಕಂತ್ರಾಟುದಾರನಿಗೆ ಬೇಕಾಗಿದ್ದದ್ದು ದೊಡ್ಡಾಂವನ ಕೋಡಿನ ಜೋಡಿ. ಕಾರವಾರದಲ್ಲಿ ಹೊಸ ಮನೆ ಕಟ್ಟಿಸಿದ್ದನಂತೆ, ಅದರ ಹಜಾರದ ಗೋಡೆಗೆ. ಅದು ಸಿಕ್ಕಿದರೆ ಕಾಕನಿಗೆ ಅವನ ಗೋದಾಮಿನಲ್ಲಿ ಕಾಯಂ ಕೆಲಸ. ಕಾಕನಿಗೆ ಅವರ್ಸೆಯಲ್ಲಿ ಹೆಣ್ಣು ನೋಡಿಯಾಗಿತ್ತು. ಗದ್ದೆ ಕೆಲಸದ ಗಂಡಿಗೆ ಕೊಡುವುದಿಲ್ಲ, ಕೆಲಸ ಆದ ಮೇಲೆ ಬನ್ನಿ ಎಂದು ಹೆಣ್ಣಿನ ಅಪ್ಪ ಬಾಗಿಲು ಅರ್ಧ ಮುಚ್ಚಿದ್ದ. ಭಾನುವಾರ ದೊಡ್ಡ ಬೇಟೆ ಎಂದು ಗೊತ್ತಾಯಿತು. ಆ ಒಂದು ವಾರ ಕಾಕ ಉಣ್ಣುವಾಗಲೂ ನಗುತ್ತಿದ್ದ. ಅಜ್ಜಿ ಅವನ ಗಂಜಿಗೆ ಸುಟ್ಟ ಒಣಮೀನಿನ ದೊಡ್ಡ ತುಂಡನ್ನೇ ಹಾಕುತ್ತಿದ್ದಳು.

"ಇನ್ನೂ ಕೋಡ್ ಬಿದ್ದಿಲ್ಲ, ನನ್ ದೈವ ಚಲೋ ಅದೆ ಆಯಿ," ಎನ್ನುತ್ತಿದ್ದ.

"ಬಾಯ್ಮುಚ್ಚಿ ಉಣ್ಣು," ಎನ್ನುತ್ತಿದ್ದಳು ಅಜ್ಜಿ.

ಶನಿವಾರ ಬೆಳಿಗ್ಗೆ ನಾನು ಅಜ್ಜಿಯ ಜೊತೆ ದರಕಿಗೆ ಹೋದೆ. ಬೇರೆ ಹೆಂಗಸರು ಕೆಳಗಿನ ದಿಬ್ಬದಲ್ಲಿದ್ದರು, ಅವರ ಪೊರಕೆಯ ಸರಬರ ಸದ್ದು ಕೇಳುತ್ತಿತ್ತು. ನಾವು ಬಿದಿರುಮೆಳೆಯ ಹತ್ತಿರ ಗುಡಿಸುತ್ತಿದ್ದೆವು. ಅಜ್ಜಿಯ ಪೊರಕೆಗೆ ಏನೋ ತಾಗಿ ಟಕ್ ಎಂದಿತು. ಬೇರು ಇರಬೇಕೆಂದು ನಾನು ಎಲೆ ಸರಿಸಿದೆ. ಬೇರಲ್ಲ. ಬುಡದಲ್ಲಿ ಇನ್ನೂ ಕೆಂಪು ಇತ್ತು. ಇರುವೆ ಮುತ್ತಿದ್ದವು.

ಅಜ್ಜಿ ಕೂತಳು. ಅಭ್ಯಾಸಬಲದಿಂದ ಕೈ ಚಾಚಿ ಬುಡದಿಂದ ತುದಿಗೆ ಗೇಣು ಹಾಕಿದಳು. ನಾಲ್ಕು ಗೇಣು ತುಂಬಲು ಬೆರಳೆರಡು ಕಮ್ಮಿ. ನಾನು ಕೂಗಲು ಬಾಯಿ ತೆರೆದೆ. ಅವಳ ಕೈ ನನ್ನ ಬಾಯಿಗೆ ಬಂತು. ಆ ಕೈಗೆ ಮಣ್ಣಿನ, ಹೊಗೆಸೊಪ್ಪಿನ ವಾಸನೆ.

"ಅಜ್ಜಿ, ಕೂಗೂದಿಲ್ವಾ?"

"ನೀ ಎಂತದೂ ಕಾಣ್ಲಿಲ್ಲ. ನಾನೂ ಕಾಣ್ಲಿಲ್ಲ. ಆಯ್ತಲ?"

"ಕಂಡೆವಲ?"

"ನಾಳೆ ಒಂದಿನ ದಾಟ್ಲಿ ಮಗಾ. ನಾಡಿದ್ದು ಕಾಣ್ವ."

ಕೋಡನ್ನು ಹೆಡಗೆಯ ತಳಕ್ಕೆ ಇಟ್ಟು ಮೇಲೆ ದರಕು ಒತ್ತಿ ತುಂಬಿದಳು. ಹೊರಲು ನಾನು ಕೈ ಕೊಡಬೇಕಾಯಿತು. ಕೆಳಗಿನ ದಿಬ್ಬ ದಾಟುವಾಗ ಹೆಂಗಸೊಬ್ಬಳು, "ಇವತ್ತೂ ಇಲ್ವನೇ ಅತ್ತೆ?" ಎಂದು ಕೇಳಿದಳು. ಅಜ್ಜಿ ತಲೆಯ ಮೇಲಿನ ಹೊರೆಗೆ ಎರಡೂ ಕೈ ಕೊಟ್ಟು ನಡೆದೇ ಬಿಟ್ಟಳು. ಕೊಟ್ಟಿಗೆಯ ಮೂಲೆಯಲ್ಲಿ ದರಕು ಸುರಿದು ಕೋಡನ್ನು ಅಡಿಗೆ ತಳ್ಳಿದಳು. ಆ ಸಂಜೆ ನಮ್ಮ ಕೆಂಪು ದನ ಆ ಮೂಲೆಗೆ ಕಾಲಿಡಲಿಲ್ಲ. ಕೊರಳ ದಾಬಿನ ಹಗ್ಗ ಹಿಡಿದು ಎಳೆದರೂ ಮೂಗು ಬುಸುಗುಟ್ಟಿಸುತ್ತ ಬಾಗಿಲಲ್ಲೇ ನಿಂತಿತು. ಆಯಿ ಹಾವು ಸೇರಿದೆಯೋ ಎಂದು ಕೋಲು ತಂದಳು. ಅಜ್ಜಿ ಕೋಲು ಕಸಿದುಕೊಂಡು, ಬಿಡು, ಹೊರಗೇ ಕಟ್ಟು ಎಂದಳು. ನನಗೆ ಆಗ ಹೆದರಿಕೆ ಶುರುವಾಯಿತು.

ಭಾನುವಾರ ಬೆಳಗಾಗುತ್ತಲೇ ಗಂಡಸರು ಹೋದರು. ಅರ್ಧ ಜನ ಮೇಲಿನಿಂದ ಕೂಗುತ್ತ, ಡಬ್ಬ ಬಡಿಯುತ್ತ ಪ್ರಾಣಿಗಳನ್ನು ಸೋವಿಕೊಂಡು ಬರುವುದು, ಕೋವಿಯವರು ಕೆಳಗೆ ಹಳ್ಳದ ಗುಂಟ ಕಾದು ನಿಲ್ಲುವುದು. ಕೊಪ್ಪದಲ್ಲಿ ಹೆಂಗಸರು ಮಸಾಲೆಗೆ ಕಾಯಿ ಸುಲಿದು ಇಟ್ಟುಕೊಂಡಿದ್ದರು. ನಾನು ಅಜ್ಜಿಯ ಸೆರಗು ಬಿಟ್ಟು ಅಲುಗಲಿಲ್ಲ. ಕೂಗು ಹತ್ತಿರ ಬಂತು, ದೂರ ಹೋಯಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಹಕ್ಕಿಯೂ ಕೂಗಲಿಲ್ಲ. ನಂತರ ಒಂದೇ ಒಂದು ಗುಂಡು. ಅಜ್ಜಿ ಕಣ್ಣು ಮುಚ್ಚಿದಳು. ಕಾಕನ ಕೋವಿಯ ಸದ್ದು ಮನೆಯವರಿಗೆಲ್ಲ ಗೊತ್ತಿತ್ತು.

ಮಧ್ಯಾಹ್ನ ಬಿದಿರಿನ ಬೊಂಬಿಗೆ ಕಟ್ಟಿ ಹೊತ್ತು ತಂದರು. ಹೊಡೆದದ್ದನ್ನು ಮೊದಲು ಜಟಗನ ಮುಂದೆ ಇಳಿಸುವುದು ಕ್ರಮ. ನಾವೆಲ್ಲ ಓಡಿದೆವು. ಅಷ್ಟು ದೊಡ್ಡ ಕಡವೆಯನ್ನು ನಾನು ಅದರ ಮುಂಚೆಯೂ ನೋಡಿಲ್ಲ, ಆಮೇಲೆಯೂ ನೋಡಿಲ್ಲ. ಕುತ್ತಿಗೆಯ ಕೂದಲು ನೆಲಕ್ಕೆ ಹರಡಿತ್ತು. ರಕ್ತದ ಮತ್ತು ಕೆಸರಿನ ವಾಸನೆ. ಆದರೆ ಯಾರೂ ಕುಣಿಯುತ್ತಿರಲಿಲ್ಲ. ತಲೆಯ ಒಂದು ಬದಿಗೆ ಮಾತ್ರ ಕೋಡಿತ್ತು. ಇನ್ನೊಂದು ಬದಿಯಲ್ಲಿ ರೂಪಾಯಿ ಅಗಲದ ಹಸಿಗಾಯ, ನೊಣ ಕೂತಿದ್ದವು.

"ಮೆಳೆಯೆಡೇಲಿ ಒಂದೇ ಬದಿ ಕಂಡ್ತು," ಎಂದ ಕಾಕ. ಅವನ ಧ್ವನಿ ಎಲ್ಲಿಂದಲೋ ಬಂದ ಹಾಗಿತ್ತು.

ಊರಗೌಡರು ಬಗ್ಗಿ ಆ ಗಾಯದ ಮೇಲೆ ಹೆಬ್ಬೆರಳಿಟ್ಟು ನೋಡಿದರು. "ನಿನ್ನೆ ಮೊನ್ನೆ ಬಿದ್ದದ್ದು. ಯಾರಿಗೂ ಸಿಗ್ಲಿಲ್ವನ್ರೇ?" ಎಂದು ಹೆಂಗಸರ ಕಡೆ ತಿರುಗಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ನನ್ನ ಹೆಗಲ ಮೇಲಿದ್ದ ಅಜ್ಜಿಯ ಬೆರಳುಗಳು ಬಿಗಿಯಾದವು.

ಅಷ್ಟರಲ್ಲಿ ಕಂತ್ರಾಟುದಾರ ಸಂಕ ದಾಟಿ ಬಂದ. ಒಂದು ಸುತ್ತು ಹಾಕಿ ನೋಡಿ ಎಲೆಯಡಿಕೆ ಉಗಿದ. "ಗಣಪು, ಒಂಟಿ ಕೋಡು ಗೋಡೆಗೆ ಹೊಡೆದ್ರೆ ಬಂದವ್ರು ನಗ್ತಾರೆ ಬಾಬಾ. ಇನ್ನೊಂದು ಇಲ್ಲೇ ಎಲ್ಲೋ ಬಿದ್ದಿರ್ತದೆ, ಹುಡುಕು. ಸಂಜೆವರೆಗೆ ಅಗಸೂರಲ್ಲೇ ಇರ್ತೇನೆ. ಜೋಡಿ ತಂದ್ರೆ ನಾಳೆಯಿಂದ್ಲೇ ಕೆಲಸಕ್ಕೆ ಬಾ," ಎಂದ. ಸತ್ತ ಪ್ರಾಣಿಯನ್ನು ಅವನು ಮತ್ತೆ ತಿರುಗಿಯೂ ನೋಡಲಿಲ್ಲ.

ಕಾಕ ಅನ್ನವನ್ನೂ ಉಣ್ಣದೆ ಗುಡ್ಡ ಹತ್ತಿದ. ಅವನ ಹಿಂದೆ ನಾಲ್ಕಾರು ಜನ. ನಾನೂ ಅಜ್ಜಿಯೂ ಕೊಟ್ಟಿಗೆಯ ಹೊಸ್ತಿಲಲ್ಲಿ ಕೂತೆವು. ಬೆನ್ನ ಹಿಂದೆ ದರಕಿನ ರಾಶಿ. ಗುಡ್ಡದಲ್ಲಿ ಅವರು ಎಲೆ ಒದೆಯುವ ಸದ್ದು ಕೇಳುತ್ತಿತ್ತು.

"ಅಜ್ಜಿ, ಕಾಕ ಹುಡುಕ್ತಾ ಅದಾನೆ."

"ಗೊತ್ತದೆ."

"ಕೊಡೂದಿಲ್ವಾ?"

ಅಜ್ಜಿ ರಾಶಿಯ ಕಡೆ ತಿರುಗಿ ನೋಡಿದಳು. "ಅದು ದೊಡ್ಡಾಂವನ್ ತಲೇದು ಹೇಳಿ ನಂಗೆ ಹೊಳೀಲೇ ಇಲ್ಲ ಮಗಾ," ಎಂದಳು. "ಗೇಣ್ ಹಾಕ್ದೆ, ಆದ್ರೂ ಹೊಳೀಲಿಲ್ಲ. ಬೇಟೆ ನಿಂತ್ಹೋಗ್ತದೆ, ಪೋರನ್ ಕೆಲಸ ಹೋಗ್ತದೆ ಹೇಳಿ ಅಷ್ಟೇ ಹೆದ್ರಿದೆ."

ಇದು ನಮ್ಮವರು ಮಾತ್ರ ಮಾಡಬಹುದಾದ ತಪ್ಪು. ಬೇರೆ ಊರಿನವರಾದರೆ ಆ ಕೋಡು ನೋಡಿದ ಕೂಡಲೇ, ಅಯ್ಯೋ, ದೊಡ್ಡಾಂವ ಒಂಟಿಕೋಡಿನವನಾದ, ಇನ್ನು ಹೊಡೆದು ಉಪಯೋಗವಿಲ್ಲ ಎನ್ನುತ್ತಿದ್ದರು. ಕಾಕನ ಕಿವಿಯಲ್ಲಿ ಅಷ್ಟು ಹೇಳಿದ್ದರೆ ಅವನು ಕೋವಿ ಕೆಳಗಿಡುತ್ತಿದ್ದ. ಆದರೆ ನಮಗೆ ಬಿದ್ದ ಕೋಡು ಎಂದರೆ ಬೇಟೆಯ ಮುಕ್ತಾಯ, ಜಟಗನ ಅಪ್ಪಣೆ. ಅಜ್ಜಿ ಅಪ್ಪಣೆಯನ್ನು ಬಚ್ಚಿಟ್ಟಳು. ಅದು ಒಂದು ಪ್ರಾಣಿಯ ತಲೆಯಿಂದ ಬಿದ್ದದ್ದು ಎಂಬುದೇ ಅವಳಿಗೆ ಮರೆತುಹೋಗಿತ್ತು.

ಹೊತ್ತು ಇಳಿಯುವಾಗ ಗಂಡಸರು ಬರಿಗೈಯಲ್ಲಿ ಬಂದು ಕಟ್ಟೆಯ ಹತ್ತಿರ ಕೂತರು. ಕಾಕನ ಕೈಕಾಲೆಲ್ಲ ಮುಳ್ಳಿನ ಗೀರು. ಅಜ್ಜಿ ಎದ್ದಳು. ದರಕು ಕೆದರಿ ಕೋಡನ್ನು ಎಳೆದು ತೆಗೆದು, ಮಗುವನ್ನು ಸೊಂಟಕ್ಕೆ ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡು ನಡೆದಳು. ನಾನು ಹಿಂದೆ ಹಿಂದೆ. ಮೊದಲು ನೋಡಿದವನು ಕಾಕ. ಅವನ ಮುಖದಲ್ಲಿ ಆ ಕ್ಷಣ ಬಂದ ಬೆಳಕು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

"ಸಿಕ್ತಾ ಆಯಿ? ಎಲ್ಲಿ ಸಿಕ್ತು?" ಎಂದು ಎರಡೂ ಕೈ ಚಾಚಿ ಬಂದ. ಅಜ್ಜಿಯ ಸೆರಗಿನ ಮೇಲಿದ್ದ ದರಕಿನ ಪುಡಿ ನೋಡಿದ. ಕೋಡಿಗೆ ಅಂಟಿದ್ದ ಸಗಣಿ ನೋಡಿದ. ಅವನು ದಡ್ಡನಲ್ಲ. ದನಿ ತಗ್ಗಿಸಿ, "ಈಗ ಸಿಕ್ತು ಹೇಳು. ಅಷ್ಟೇ ಹೇಳು ಆಯಿ," ಎಂದ.

ಕೊಪ್ಪದವರೆಲ್ಲ ನೋಡುತ್ತಿದ್ದರು. ಅವಳು ಅಷ್ಟು ಹೇಳಿದ್ದರೆ, ಹೊಡೆದ ಪ್ರಾಣಿಯದೇ ಎಂದು ಆ ಕೋಡು ಕಾಕನ ಕೈ ಸೇರುತ್ತಿತ್ತು, ಅವನ ಮದುವೆ ಆಗುತ್ತಿತ್ತು. ಯಾರೂ ಮರುಪ್ರಶ್ನೆ ಕೇಳುತ್ತಿರಲಿಲ್ಲ.

"ನಿನ್ನೆ ಸಿಕ್ತು," ಎಂದಳು ಅಜ್ಜಿ.

ಅವನ ಚಾಚಿದ ಕೈಗಳ ಪಕ್ಕದಿಂದ ಹಾದು ಹೋಗಿ ಕೋಡನ್ನು ಜಟಗನ ಮುಂದೆ ಇಟ್ಟಳು. ಅಲ್ಲಿ ಇಟ್ಟದ್ದು ಜಟಗನದು, ಯಾರೂ ಮನೆಗೆ ಒಯ್ಯುವ ಹಾಗಿಲ್ಲ. "ಬಿತ್ತು. ಬೇಟೆ ಮುಗೀತು," ಎಂದಳು. ಕೂಗಲಿಲ್ಲ, ಹೇಳಿದಳು. ಆಮೇಲೆ ಕಾಕನ ಕಡೆ ತಿರುಗಿ, "ಒಂದ್ ಸುಳ್ಳಿಗೆ ಇಷ್ಟ್ ದೊಡ್ಡ್ ಜೀವ ಹೋಯ್ತು. ಇನ್ನೊಂದ್ ಹೇಳಿ ಏನ್ ಕಳ್ಕಂಬುದು?" ಎಂದಳು.

ಕಾಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೋವಿಯನ್ನು ಕಟ್ಟೆಗೆ ಒರಗಿಸಿ, ಮನೆಗೆ ಹೋಗಿ ಅಂಗಿ ಹಾಕಿಕೊಂಡು, ಅಗಸೂರಿನ ದಾರಿ ಹಿಡಿದ. ಕಾರವಾರದಲ್ಲಿ ಮೀನಿನ ದೋಣಿ ಸೇರಿದನೆಂದು ಸುದ್ದಿ ಬಂತು. ಅವರ್ಸೆಯ ಹೆಣ್ಣು ಬೇರೆ ಮನೆ ಸೇರಿದಳು. ಅಜ್ಜಿ ಸತ್ತ ದಿನ ಕಾಕ ಬಂದು ಹೆಗಲು ಕೊಟ್ಟು, ಆ ಸಂಜೆಯೇ ಹೋದ. ದೊಡ್ಡಾಂವನ ಮಾಂಸವನ್ನು ಕೊಪ್ಪದಲ್ಲಿ ಯಾರೂ ತಿನ್ನಲಿಲ್ಲ. ಹಳ್ಳದಾಚೆ ಹೂತರು.

ನಿಜವಾದ ಕೇಡು ಬಂದದ್ದು ಮರುವರ್ಷ. ಸುಗ್ಗಿ ಕಳೆಯಿತು, ಹೆಂಗಸರು ದಿನವೂ ದರಕಿಗೆ ಹೋದರು, ಯಾರೂ ಕೂಗಲಿಲ್ಲ. ಯುಗಾದಿ ಕಳೆಯಿತು, ಮುರುಗಲು ಹಣ್ಣಾಯಿತು, ಆಗಲೂ ಇಲ್ಲ. ಹೆಚ್ಚಿನ ವರ್ಷ ಮೊದಲು ಕೋಡು ಉದುರಿಸುತ್ತಿದ್ದ ದೊಡ್ಡಾಂವನೇ ಈಗ ಇರಲಿಲ್ಲ. ನಾನು ನೆಲ ನೋಡಿ ನೋಡಿ ಕುತ್ತಿಗೆ ನೋಯಿಸಿಕೊಂಡೆ. ಕೋಡು ಸಿಗದೆ ಬೇಟೆ ಮುಗಿಯುವಂತಿಲ್ಲ. ನಮ್ಮ ನಿಯಮದಲ್ಲಿ ಇಂಥ ತೂತು ಇದೆಯೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಕೋವಿಗಳ ಬಾಯಿ ತೆರೆದೇ ಇತ್ತು. ಇಷ್ಟು ವರ್ಷ ಈ ಹೊತ್ತಿಗೆ ಸುಮ್ಮನಾಗುತ್ತಿದ್ದ ಗಂಡಸರು, ಇನ್ನೂ ಮುಗಿದಿಲ್ಲವಲ್ಲ ಎಂದು ಮಳೆ ಶುರುವಾಗುವವರೆಗೂ ಹೋದರು. ಕೋಡಿಲ್ಲದ ಪ್ರಾಣಿ ಹೊಡೆದು ತಂದರು. ಒಂದರ ಹೊಟ್ಟೆ ಸೀಳಿದಾಗ ಒಳಗೆ ಮರಿ ಇತ್ತು. ಊರಗೌಡರು ಎದ್ದು ಮನೆಗೆ ಹೋದರು.

ಅಲ್ಲಿಂದ ಮುಂದೆ ಸಿಕ್ಕ ಕೋಡುಗಳು ವರ್ಷದಿಂದ ವರ್ಷಕ್ಕೆ ಗಿಡ್ಡ. ಎಳೆಗಂಡುಗಳು ಬಲಿಯುವ ಮೊದಲೇ ಉರುಳುತ್ತಿದ್ದವು. ಉಳಿದದ್ದು ಪೀಚು. "ಬೀಜದ ಭತ್ತ ತಿಂದ್ಕಂಡು ಜೊಳ್ಳು ಬಿತ್ತಿದ್ರೆ ಮತ್ತೇನ್ ಬೆಳೀತದೆ?" ಎಂದು ಊರಗೌಡರು ಕಟ್ಟೆಯಲ್ಲಿ ಕೂತು ಗೊಣಗುತ್ತಿದ್ದರು. ಕಡೆಗೆ ಸರಕಾರದ ಕಾಯ್ದೆ ಸಂಕ ದಾಟಿ ಬಂತು. ಕೋವಿಗಳು ಅಂಕೋಲೆಗೆ ಹೋಗಿ ಜಮೆಯಾದವು. ಬಂದದ್ದು ಒಳ್ಳೆಯದೇ, ನಾನೇನು ಬೇಟೆ ಬೇಕು ಎನ್ನುವವಳಲ್ಲ. ಆದರೆ ನಿಯಮಕ್ಕೆ ಹೆದರುವವರು ಕೋವಿ ಕೊಟ್ಟರು, ಹೆದರದವರು ಈಗ ಬೈಕಿನಲ್ಲಿ ಬರುತ್ತಾರೆ. ಅವರಿಗೆ ದೀಪಾವಳಿಯೂ ಒಂದೇ, ಮಳೆಗಾಲವೂ ಒಂದೇ. ಗಂಡು, ಹೆಣ್ಣು, ಮರಿ ಎಂದು ನೋಡುವ ಕಣ್ಣೂ ಇಲ್ಲ.

ಈಗ ನಾನು ಅಂಕೋಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಈ ಸಲ ಸುಗ್ಗಿಯ ಮರುವಾರ ಕೊಪ್ಪಕ್ಕೆ ಹೋಗಿದ್ದೆ. ಸಂಕದ ಜಾಗದಲ್ಲಿ ಸಿಮೆಂಟಿನ ಸೇತುವೆ ಇದೆ. ದನಗಳು ಕಮ್ಮಿ, ದರಕು ಬೇಕಾದವರಿಲ್ಲ, ಎಲೆ ಮೊಣಕಾಲಿನವರೆಗೆ ಬಿದ್ದು ಕೊಳೆಯುತ್ತಿದೆ. ಸಂಜೆ ಸುಮ್ಮನೆ ಆ ಬಿದಿರುಮೆಳೆಯ ಕಡೆ ನಡೆದೆ. ಕಾಲಿಗೆ ಏನೋ ಚುಚ್ಚಿತು. ಸರಿಸಿ ನೋಡಿದರೆ ಕೋಡು. ಕವಲೇ ಇಲ್ಲದ, ಬಳ್ಳಿಯ ತುಂಡಿನಂಥ ಕೋಡು.

ಅಲ್ಲೇ ಕೂತು ಗೇಣು ಹಾಕಿದೆ. ಹೆಬ್ಬೆರಳು ಬುಡದಲ್ಲಿಟ್ಟರೆ ಕಿರುಬೆರಳು ತುದಿಯನ್ನು ದಾಟಿ ಎಲೆಯ ಮೇಲೆ ಕೂತಿತು. ಅಜ್ಜಿಯ ಕೈ ನನ್ನದಕ್ಕಿಂತ ದೊಡ್ಡದಿತ್ತು. ಆ ಕೈಗೆ ನಾಲ್ಕು ಗೇಣು ಬಂದ ಕಾಡು ಇದೇ.

ಕಟ್ಟೆಗೆ ಈಗ ಬಿಳಿ ಟೈಲ್ಸ್ ಹಾಕಿಸಿದ್ದಾರೆ, ಹಲಸಿನ ಮರವೂ ಇಲ್ಲ, ಕೋಡುಗಳೂ ಇಲ್ಲ. ಆ ತುಂಡನ್ನು ಜಟಗನ ಮುಂದೆ ಇಟ್ಟೆ. ನಾಚಿಕೆಯಾಯಿತು, ಆದರೂ ಅಂದು ಅಜ್ಜಿ ಮುಚ್ಚಿದ್ದ ಬಾಯಿಯನ್ನು ಈ ಸಲ ತೆರೆದು, "ಬಿತ್ತೂ," ಎಂದು ಗುಡ್ಡಕ್ಕೆ ಕೇಳುವ ಹಾಗೆ ಕೂಗಿದೆ. ಯಾವ ದಿಬ್ಬದಿಂದಲೂ "ಬಿತ್ತಾ?" ಎಂದು ಯಾರೂ ಕೇಳಲಿಲ್ಲ. ಸ್ವಲ್ಪ ಹೊತ್ತು ಕಾದು, ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಗುಡ್ಡದಾಚೆ ಎಲ್ಲೋ ಗುಂಡಿನ ಸದ್ದಾಯಿತು.